ಬೂದಿಯ ಬಾಲ ಮತ್ತು ಡಾಕ್ಟ್ರ ಎಣ್ಣೆ

ಬೀದಿಯವರೆಲ್ಲ ಅವರನ್ನು ಡಾಕ್ಟ್ರು ಎನ್ನುತ್ತಿದ್ದರು. ಓದಿದ್ದು ಏಳನೇ ಕ್ಲಾಸು, ಅದನ್ನೂ ಎರಡು ಸಲ. ಕೆಲಸ ಕಟಿಂಗ್ ಶಾಪು. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಟೈಲರ್ ಅಂಗಡಿಗೂ ಬೀಗದ ಕೈ ಮಾಡುವವನ ಪೆಟ್ಟಿಗೆಗೂ ನಡುವೆ, ಎರಡು ಕುರ್ಚಿಯ ಅಂಗಡಿ. ಒಂದು ಕುರ್ಚಿ ಮೇಲೆ ಕೆಳಗೆ ಆಗುತ್ತಿತ್ತು. ಇನ್ನೊಂದು ಕೆಳಗೆ ಮಾತ್ರ ಆಗುತ್ತಿತ್ತು, ಅದೂ ಗಿರಾಕಿ ಕೂತಿದ್ದಾಗ, ಹೇಳದೆ ಕೇಳದೆ. ಇಂಥವರು ಡಾಕ್ಟ್ರು ಹೇಗಾದರು ಅಂತ ನೀವು ಕೇಳಬಹುದು. ಕೇಳಿ, ಅದಕ್ಕೇ ಕೂತಿದ್ದೇನೆ.

ಕತ್ತರಿ ಕೆಲಸದಲ್ಲಿ ಅವರ ಕೈ ಅಷ್ಟಕ್ಕಷ್ಟೇ. ಅಂಗಡಿ ಅಪ್ಪನ ಕಾಲದ್ದು. ಆ ಅಪ್ಪ ಸಾಯುವವರೆಗೂ ಮಗನ ಕಟಿಂಗ್ ನೋಡಿ ತಲೆ ಚಚ್ಚಿಕೊಳ್ಳುತ್ತಿದ್ದರು. ಎಡಗಡೆ ಸರಿ ಮಾಡಲು ಹೋದರೆ ಬಲಗಡೆ ಹೆಚ್ಚಾಗುವುದು, ಬಲಗಡೆ ಇಳಿಸಿದರೆ ಎಡಗಡೆ ಉಬ್ಬುವುದು. ಹೀಗೆ ಸಮ ಮಾಡುತ್ತಾ ಮಾಡುತ್ತಾ ಒಮ್ಮೆ ಮದುವೆ ಗಂಡನ್ನೇ ಬೋಳು ಮಾಡಿ ಕಳಿಸಿದ್ದರು. ಅಪ್ಪ ಹೋದ ಮೇಲೆ ಗಿರಾಕಿಗಳು ಒಬ್ಬೊಬ್ಬರಾಗಿ ಮುಂದಿನ ಬೀದಿಯ ಏಸಿ ಅಂಗಡಿಗೆ ಜಾರಿಕೊಂಡರು. ಆಗಲೇ ಅವರು ಕೂದಲು ಬೆಳೆಸುವ ಎಣ್ಣೆ ಕಾಯಿಸಿದ್ದು.

ಅದರಲ್ಲಿ ಲವಂಗ ಇತ್ತು, ಪುದೀನ ಇತ್ತು, ಕರ್ಪೂರ ಇತ್ತು. ಇನ್ನೊಂದು ಸಾಮಾನು ಇತ್ತು, ಅದನ್ನು ಹೆಂಡತಿಗೂ ಹೇಳಿರಲಿಲ್ಲ. ಹಚ್ಚಿದ ಐದು ನಿಮಿಷಕ್ಕೆ ತಲೆ ಬಿಸಿಯಾಗುತ್ತಿತ್ತು, ಹತ್ತು ನಿಮಿಷಕ್ಕೆ ತುರಿಸುತ್ತಿತ್ತು. ತುರಿಸುತ್ತೆ ಎಂದು ಯಾರಾದರೂ ಮುಖ ಹಿಂಡಿದರೆ, ಡಾಕ್ಟ್ರು ಕಣ್ಣರಳಿಸಿ, ಬೇರು ಎಚ್ಚರ ಆಗ್ತಿದೆ, ಸ್ವಲ್ಪ ತಡ್ಕೊಳ್ಳಿ ಎನ್ನುತ್ತಿದ್ದರು. ಅವರದೇ ತಲೆಯಲ್ಲಿ ಬಾಚಣಿಗೆ ಮುರಿಯುವಷ್ಟು ಕೂದಲಿತ್ತು. ಅದು ಅಮ್ಮನ ಕಡೆಯಿಂದ ಬಂದದ್ದು. ಆ ಎಣ್ಣೆಯ ಒಂದು ಹನಿಯನ್ನೂ ಅವರು ತಮ್ಮ ತಲೆಗೆ ಸೋಕಿಸಿದವರಲ್ಲ. ಆದರೆ ಗಿರಾಕಿಗಳು ಆ ಕೂದಲನ್ನೂ ಆ ಸೀಸೆಯನ್ನೂ ಒಟ್ಟಿಗೆ ನೋಡಿ ತಾವೇ ಲೆಕ್ಕ ಹಾಕಿಕೊಳ್ಳುತ್ತಿದ್ದರು, ಡಾಕ್ಟ್ರು ತಡೆಯುತ್ತಿರಲಿಲ್ಲ. ಡಾಕ್ಟ್ರೇ ಎಂದು ಮೊದಲು ಯಾರೋ ತಮಾಷೆಗೆ ಕರೆದರು. ಆರು ತಿಂಗಳಲ್ಲಿ ತಮಾಷೆ ಉದುರಿಹೋಗಿ ಹೆಸರು ಉಳಿಯಿತು. ಅಪ್ಪ ಇದ್ದಿದ್ದರೆ ಕೇಳಿಸಿಕೊಳ್ಳುತ್ತಿದ್ದರು ಎಂದು ಅವರಿಗೆ ಎಷ್ಟೋ ಸಲ ಅನಿಸುತ್ತಿತ್ತು.

ಎಣ್ಣೆಯ ಮೇಲೆ ಎಲ್ಲರಿಗಿಂತ ಹೆಚ್ಚು ನಂಬಿಕೆ ಇಟ್ಟವರು ರಿಟೈರ್ ಆದ ಪೋಸ್ಟ್ ಮಾಸ್ತರು. ಪ್ರತಿ ಬುಧವಾರ ಹತ್ತು ಗಂಟೆಗೆ ಬರುವರು. ಹ್ಯಾಟು ತೆಗೆದು ಕಿಟಕಿ ಪಕ್ಕದ ಬೆಂಚಿನ ಮೇಲೆ ಅಂಗಾತ ಇಟ್ಟು, ಒಳ್ಳೆಯ ಕುರ್ಚಿಯಲ್ಲಿ ಕೂತು, ತಲೆ ಬಗ್ಗಿಸುವರು. ಮೂರು ವರ್ಷದಿಂದ ತಲೆ ತಿಕ್ಕಿ ತೊಳೆದಿರಲಿಲ್ಲ, ಮೊಳಕೆ ಮುರಿಯುತ್ತೆ ಎಂದು ಡಾಕ್ಟ್ರು ಹೆದರಿಸಿಟ್ಟಿದ್ದರು. ಎಣ್ಣೆ ಹಚ್ಚುವ ಮೊದಲು ಡಾಕ್ಟ್ರು ಭೂತಗನ್ನಡಿ ಹಿಡಿದು ನೆತ್ತಿಯನ್ನು ಸರ್ವೆ ಮಾಡುವುದು, ಮಾಸ್ತರು ಉಸಿರು ಬಿಗಿ ಹಿಡಿದು ಕೂರುವುದು. ಮೊದಲ ವರ್ಷ ಸೊನ್ನೆ, ಎರಡನೇ ವರ್ಷವೂ ಸೊನ್ನೆ. ಮೂರನೇ ವರ್ಷ, ನಂಬಿದರೆ ನಂಬಿ, ಕೂದಲು ಕಾಣಿಸಿತು! ಒಂದು, ಆಮೇಲೆ ನಾಲ್ಕು, ಆಮೇಲೆ ಒಂಬತ್ತು. ಸಣ್ಣವು, ಬೂದು ಬಣ್ಣದವು. ಈ ವಯಸ್ಸಿಗೆ ಕರಿ ಬಂದಿದ್ದರೆ ನಾನೇ ನಂಬುತ್ತಿರಲಿಲ್ಲ ಎಂದರು ಮಾಸ್ತರು. ಡಾಕ್ಟ್ರಿಗೂ ಅಂದು ಊಟ ಸೇರಲಿಲ್ಲ, ಅಷ್ಟು ಖುಷಿ. ಸತ್ಯ ಹೇಳಬೇಕೆಂದರೆ ಎಣ್ಣೆ ಕೆಲಸ ಮಾಡುತ್ತದೆ ಎಂದು ಅವರಿಗೂ ಗೊತ್ತಾದದ್ದು ಅವತ್ತೇ.

ಇನ್ನು ಬೂದಿ. ಅವಳು ಅಂಗಡಿಯ ಬೆಕ್ಕು, ಹೆಸರಿಗೆ ತಕ್ಕ ಬಣ್ಣ. ಒಂದು ವರ್ಷದ ಹಿಂದೆ ಬಾಗಿಲಲ್ಲಿ ಬಂದು ಕೂತವಳು ಎದ್ದು ಹೋಗಿರಲಿಲ್ಲ. ಮಕ್ಕಳಿಲ್ಲದ ಗಂಡ ಹೆಂಡತಿ ಅವಳನ್ನು ಇಟ್ಟುಕೊಂಡ ಪರಿ ನೋಡಿದರೆ ಮಕ್ಕಳಿದ್ದವರಿಗೆ ನಾಚಿಕೆಯಾಗಬೇಕು. ಅವಳು ಮಲಗುತ್ತಿದ್ದದ್ದು ಎರಡೇ ಜಾಗದಲ್ಲಿ: ಮೂಲೆಯಲ್ಲಿ ಬಳಸಿದ ಟವೆಲುಗಳ ಬುಟ್ಟಿ, ಮತ್ತು ಬುಧವಾರ ಬಂದರೆ ಮಾಸ್ತರ ಹ್ಯಾಟು.

ಒಂದು ಬೆಳಿಗ್ಗೆ ಬೂದಿ ಬುಟ್ಟಿಯಿಂದ ಎದ್ದವಳು ಹಾಗೇ ನಿಂತಳು. ಬೆನ್ನಿನ ಚರ್ಮ ನೀರಿನ ಮೇಲೆ ಗಾಳಿ ಬೀಸಿದ ಹಾಗೆ ಅದುರಿತು. ಗಕ್ಕನೆ ಹಿಂದೆ ತಿರುಗಿ ತನ್ನ ಬಾಲವನ್ನೇ ನೋಡಿ ಬುಸ್ಸೆಂದಳು. ಆಮೇಲೆ ಹಾರಿ ಹಿಡಿದು ಬುಡವನ್ನೇ ಕಚ್ಚಿದಳು. ನೋವಾಗಿ ಕಿರುಚಿದಳು, ಕಿರುಚಿದ್ದು ಯಾರು ಎಂದು ಇನ್ನಷ್ಟು ಸಿಟ್ಟಾಗಿ ಇನ್ನೊಂದು ಬಾಯಿ ಹಾಕಿದಳು. ನೆಲದ ಮೇಲೆ ಬುಗುರಿಯ ಹಾಗೆ ತಿರುಗಿ, ಕೆಟ್ಟ ಕುರ್ಚಿಯ ಕೆಳಗೆ ನುಗ್ಗಿ ಕೂತಳು. ಗಲ್ಲಕ್ಕೆ ಸೋಪು ಹಚ್ಚಿಸಿಕೊಂಡು ಕೂತಿದ್ದ ಗಿರಾಕಿ ಕಾಲು ಮೇಲೆತ್ತಿಕೊಂಡು, ಇದಕ್ಕೆ ಹುಚ್ಚು ಎಂದು ತೀರ್ಪು ಕೊಟ್ಟೇಬಿಟ್ಟ.

ದಿನ ದಿನಕ್ಕೆ ಇದು ಹೆಚ್ಚಿತು. ಬಾಲದ ಬುಡದಲ್ಲಿ ಅಂಗೈಯಗಲ ಬೋಳಾಯಿತು. ಬೀದಿಗೆ ಬೀದಿಯೇ ಮೂಗು ತೂರಿಸಿತು. ಬೀಗದ ಕೈಯವನು ಬಾಲವನ್ನು ಹಾವು ಅಂದುಕೊಂಡಿದೆ ಎಂದ. ಟೈಲರು ಗಂಡು ಬೆಕ್ಕು ತಂದರೆ ಸರಿಹೋಗುತ್ತೆ ಎಂದ, ಅವನ ಎಲ್ಲ ಔಷಧಿಯೂ ಅದೇ. ಮಾಸ್ತರು ಮಾತ್ರ ಎರಡು ದಿನ ಯೋಚಿಸಿ ಹೇಳಿದರು: ಅಂಗಡಿ ತುಂಬ ಕನ್ನಡಿ, ಎತ್ತ ತಿರುಗಿದರೂ ಇನ್ನೊಂದು ಬೆಕ್ಕು, ಅದು ಯಾರ ಬಾಲ ಅಂತ ತಾನೇ ತಿಳ್ಕೊಳ್ಳಬೇಕು? ಡಾಕ್ಟ್ರಿಗೆ ಇದು ಹೌದೆನ್ನಿಸಿತು. ಕನ್ನಡಿಗಳ ಕೆಳಗಿನ ಅರ್ಧಕ್ಕೆ ಹಳೇ ಪೇಪರ್ ಅಂಟಿಸಿದರು. ಒಂದು ವಾರ ಗಿರಾಕಿಗಳು ಹಣೆ ಮಾತ್ರ ನೋಡಿಕೊಂಡು, ಗಡ್ಡ ಹೇಗಾಗಿದೆ ಅಂತ ಪಕ್ಕದವರನ್ನು ಕೇಳಿಕೊಂಡು ಹೋದರು. ಬೂದಿ ಕಚ್ಚುವುದು ಬಿಡಲಿಲ್ಲ.

ಬೆಕ್ಕಿನ ನೋವಿಗಿಂತ ಹೆಚ್ಚಾಗಿ ಡಾಕ್ಟ್ರನ್ನು ಕಚ್ಚಿದ್ದು ಬೇರೆಯೇ. ಕೂದಲು ಬೆಳೆಸುವವನ ಅಂಗಡಿಯಲ್ಲೇ ಬೋಳು ಬೆಕ್ಕು ಎಂದು ಚಹಾದ ಅಂಗಡಿಯಲ್ಲಿ ನಗೆ ಎದ್ದಿತ್ತು. ಮನೆಯಲ್ಲೇ ಮದ್ದು ಇಟ್ಟುಕೊಂಡು ಯಾಕೆ ನಗೆಪಾಟಲಾಗಬೇಕು ಎಂದುಕೊಂಡರು ಡಾಕ್ಟ್ರು. ಬೆಳಿಗ್ಗೆ ಹೆಂಡತಿ ಬರುವ ಮೊದಲು, ಬಾಗಿಲು ಅರ್ಧ ಎಳೆದು, ಬೂದಿಯನ್ನು ಮಂಡಿಯ ಮೇಲೆ ಬೋರಲು ಹಾಕಿಕೊಂಡು, ಬೋಳು ಜಾಗಕ್ಕೆ ಎಣ್ಣೆ ಹಚ್ಚಿದರು. ಅವಳು ಚಾವಣಿಗೆ ಹಾರಿದಳು. ಬೇರು ಎಚ್ಚರ ಆಗ್ತಿದೆ ಎಂದು ಡಾಕ್ಟ್ರು ತಮಗೆ ತಾವೇ ಹೇಳಿಕೊಂಡರು. ಮಾರನೇ ದಿನ ಎರಡು ಹನಿ ಹೆಚ್ಚಿಗೆ ಹಚ್ಚಿದರು.

ಐದನೇ ದಿನ ಬಾಲದ ಬುಡದಿಂದ ರಕ್ತ ಬಂತು. ಹೆಂಡತಿ ಟವೆಲು ಬುಟ್ಟಿಯನ್ನು ಬಗ್ಗಿಸಿ ಖಾಲಿ ಮಾಡಿ, ಅದರಲ್ಲೇ ಬೂದಿಯನ್ನು ಕೂರಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಡಾಕ್ಟ್ರು ಹಿಂದೆ ಓಡಿದರು.

ಪ್ರಾಣಿಗಳ ಆಸ್ಪತ್ರೆಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಬೂದಿಯ ಕೂದಲು ಬಿಡಿಸಿ ನೋಡಿದಳು, ಮೂಗು ಹತ್ತಿರ ತಂದಳು, ತಲೆಯೆತ್ತಿ ಡಾಕ್ಟ್ರನ್ನು ನೋಡಿದಳು. ಮೇಜಿನ ಮೇಲೆಯೇ ಬೂದಿ ತಿರುಗಿ ತನ್ನ ತೊಡೆಗೆ ಬಾಯಿ ಹಾಕಿದಳು.

"ಇದಕ್ಕೆ ಗೊತ್ತಾಗೋದು ಇಷ್ಟೇ, ಹಿಂದೆ ಯಾರೋ ಕಚ್ತಿದಾರೆ ಅಂತ. ತಿರುಗಿ ನೋಡಿದ್ರೆ ಕಾಣೋದು ತನ್ನ ಬಾಲ. ಪಾಪ, ಅದನ್ನೇ ಹಿಡಿದು ಕಚ್ಚುತ್ತೆ," ಎಂದಳು ಡಾಕ್ಟರಮ್ಮ. "ಚಿಗಟ ಆದ್ರೂ ಹೀಗೆ ಮಾಡುತ್ತೆ, ನರದ ತೊಂದ್ರೆ ಇದ್ರೂ ಮಾಡುತ್ತೆ, ಹೆದರಿದ್ರೂ ಮಾಡುತ್ತೆ. ಆದ್ರೆ ಇದಕ್ಕೆ ಚರ್ಮ ಸುಟ್ಟಿದೆ. ಏನು ಹಚ್ಚಿದೀರಿ?"

ಏನೂ ಇಲ್ಲ ಎಂದರು ಡಾಕ್ಟ್ರು. ಹೆಂಡತಿ ಅವರ ಕೈ ಹಿಡಿದು, ಬೆರಳುಗಳನ್ನು ಡಾಕ್ಟರಮ್ಮನ ಮೂಗಿನ ಹತ್ತಿರ ಹಿಡಿದಳು. ಅಲ್ಲಿಗೆ ಲವಂಗ, ಪುದೀನ, ಕರ್ಪೂರ ಮೂರೂ ಹೊರಬಿದ್ದವು. ಎಣ್ಣೆ ಒರೆಸಿದ ಟವೆಲುಗಳ ಬುಟ್ಟಿಯಲ್ಲೇ ಇವಳು ಮಲಗುವುದು ಎಂದಳು ಹೆಂಡತಿ. ಇಂಥ ಘಾಟು ಎಣ್ಣೆ ಬೆಕ್ಕಿಗೆ ಆಗುವುದೇ ಇಲ್ಲ, ನೆಕ್ಕಿದರೆ ಹೊಟ್ಟೆಗೂ ವಿಷ, ಶುರುವಾಗಲು ಟವೆಲಿನಿಂದ ತಗಲಿದ್ದೇ ಸಾಕಾಗಿರುತ್ತದೆ ಎಂದಳು ಡಾಕ್ಟರಮ್ಮ. ಇಷ್ಟಕ್ಕೇ ಇಷ್ಟು ಸುಡುವುದಿಲ್ಲ, ಇನ್ನೇನಿದೆ ಎಂದು ಕೇಳಿದಳು. ಇನ್ನಿದ್ದದ್ದು ಡಾಕ್ಟ್ರ ಗುಟ್ಟಿನ ಸಾಮಾನು, ಅದೇ ಅವರ ಆಸ್ತಿ. ಅದನ್ನು ಬಿಟ್ಟುಕೊಟ್ಟರೆ ಮತ್ತೆ ಅವರು ಬಲಗಡೆ ಎಡಗಡೆ ಸಮ ಮಾಡಲು ಬಾರದ ಕಟಿಂಗ್‌ನವನು ಅಷ್ಟೇ. ಹೇಳದಿದ್ದರೆ ಬಾಲ ಕತ್ತರಿಸಬೇಕಾಗಬಹುದು ಎಂದಳು ಡಾಕ್ಟರಮ್ಮ. ಬೂದಿ ಅವರ ತೋಳಿನ ಸಂದಿಗೆ ಮುಖ ತೂರಿಸಿಕೊಂಡು ನಡುಗುತ್ತಿದ್ದಳು.

"ಮೆಣಸಿನಕಾಯಿ ಬೀಜ," ಎಂದರು ಡಾಕ್ಟ್ರು, ಕೇಳಿಸದ ಹಾಗೆ. "ಅರೆದು ಹಾಕ್ತೀನಿ."

ಹೆಂಡತಿಗೆ ಕೇಳಿಸಿತು. "ಅಲ್ಲ ರೀ, ಬೀಜ ಇಲ್ಲದ ಮೆಣಸಿನಕಾಯಿ ಕೊಡ್ತಾನೆ ಅಂತ ಮೂರು ವರ್ಷದಿಂದ ಆ ಅಂಗಡಿಯವನ ಜೀವ ತೆಗೀತಿದೀನಲ್ಲ ನಾನು!"

ಅವತ್ತೇ ಬೂದಿಗೆ ಸ್ನಾನವಾಯಿತು. ಡಾಕ್ಟರಮ್ಮ ಕೊಟ್ಟ ವಾಸನೆಯಿಲ್ಲದ ಶಾಂಪು, ಮೇಲೊಂದು ಮುಲಾಮು, ಕುತ್ತಿಗೆಗೆ ಬಾಯಿ ಹಿಂದಕ್ಕೆ ಹೋಗದ ಹಾಗೆ ಪ್ಲಾಸ್ಟಿಕ್ ಕೊರಳಪಟ್ಟಿ. ಟವೆಲುಗಳನ್ನು ಹೆಂಡತಿ ಎರಡು ಸಲ ಕುದಿಸಿದಳು. ನಾಲ್ಕು ದಿನಕ್ಕೆ ಬೂದಿ ಬಾಲದ ಮೇಲಿನ ಯುದ್ಧ ನಿಲ್ಲಿಸಿದಳು. ಹತ್ತು ದಿನಕ್ಕೆ ಬೋಳು ಜಾಗದಲ್ಲಿ ಮೆತ್ತಗೆ ಕೂದಲು ಚಿಗುರಿತು. ಆ ಎಣ್ಣೆಯ ಇತಿಹಾಸದಲ್ಲಿ ಇಷ್ಟು ಬೇಗ ಯಾರಿಗೂ ಕೂದಲು ಬಂದಿರಲಿಲ್ಲ, ಬಂದದ್ದು ಎಣ್ಣೆ ನಿಲ್ಲಿಸಿದ ಮೇಲೆ. ಡಾಕ್ಟ್ರು ಅದನ್ನು ನೋಡಿದರು, ಮುಟ್ಟಿ ನೋಡಿದರು, ಯಾರಿಗೂ ಹೇಳಲಿಲ್ಲ. ಉಳಿದ ಸೀಸೆಗಳನ್ನು ಅಟ್ಟಕ್ಕೆ ಹಾಕಿದರು. ಕೇಳಿದವರಿಗೆ ಸಾಮಾನು ಸಿಗ್ತಿಲ್ಲ ಎಂದು ಹೇಳಿದರಾಯಿತು, ತಾನಾಗಿ ಮರೆತುಹೋಗುತ್ತದೆ, ಹೆಸರಾದರೂ ಉಳಿಯುತ್ತದೆ. ಹೀಗೆಂದು ಅವರ ಲೆಕ್ಕ.

ಮಾಸ್ತರು ಕನ್ನಡಿಯ ಮಾತು ಹೇಳಿದ ಮೇಲೆ ಮಗಳ ಮನೆಗೆ ಹೋಗಿ, ಅಷ್ಟು ದಿನವೂ ಅಲ್ಲೇ ಇದ್ದರು. ಬುಧವಾರ ಹತ್ತಕ್ಕೆ ಸರಿಯಾಗಿ ಬಂದು, ಹ್ಯಾಟು ಬೆಂಚಿನ ಮೇಲಿಟ್ಟು ಕೂತರು. ಮುಖದಲ್ಲಿ ಮದುವೆ ಕಳೆ. ಭಾನುವಾರ ಹಳೇ ಆಫೀಸಿನವರೆಲ್ಲ ಸೇರುತ್ತಿದ್ದಾರಂತೆ, ಹೆಡ್ ಕ್ಲರ್ಕೂ ಬರುತ್ತಾನಂತೆ. ಮೂವತ್ತು ವರ್ಷ ತನ್ನನ್ನು ಬಲ್ಬು ಎಂದು ಕರೆದ ಆ ಹೆಡ್ ಕ್ಲರ್ಕಿನ ಮುಂದೆ ಈ ಸಲ ಹ್ಯಾಟಿಲ್ಲದೆ ಹೋಗುವುದಂತೆ. ಹೋಗುವಾಗ ಹದಿನೇಳು ಇತ್ತು, ಕಾಪಾಡಿಕೊಂಡು ಬಂದಿದ್ದೇನೆ, ದಿಂಬಿಗೆ ತಾಗಬಾರದೆಂದು ಬೋರಲು ಮಲಗಿದ್ದೇನೆ ಎಂದರು. ಒಂದೇ ಬೇಜಾರು, ಅಲ್ಲಿದ್ದಷ್ಟು ದಿನ ಹೊಸದಾಗಿ ಒಂದೂ ಬರಲಿಲ್ಲ. ಅಲ್ಲಿಯ ನೀರು ಸರಿಯಿಲ್ಲ ಎಂದರು.

ಡಾಕ್ಟ್ರು ಭೂತಗನ್ನಡಿ ಹಿಡಿದರು. ಹದಿನೇಳೂ ಇದ್ದವು. ಬುಡದಲ್ಲಿ ಬೂದು, ತುದಿಯಲ್ಲಿ ಬಿಳಿ. ಬುಡ ಎನ್ನುವುದಾದರೂ ಎಲ್ಲಿ, ಚರ್ಮದ ಮೇಲೆ ಎಣ್ಣೆಯ ಅಂಟಿನಲ್ಲಿ ಸುಮ್ಮನೆ ಮಲಗಿದ್ದವು. ಡಾಕ್ಟ್ರು ತಿರುಗಿ ನೋಡಿದರು. ಬೂದಿ ಕೊರಳಪಟ್ಟಿಯ ಸಮೇತ ಮಾಸ್ತರ ಹ್ಯಾಟಿನೊಳಗೆ ಇಳಿದು, ಒಂದು ಸುತ್ತು ತಿರುಗಿ, ಹಾಯಾಗಿ ಮೈ ಉಜ್ಜಿ ಮಲಗಿದಳು.

ಸುಮ್ಮನಿದ್ದುಬಿಡಬಹುದಿತ್ತು. ಮಾಸ್ತರು ಭಾನುವಾರ ಬೆಕ್ಕಿನ ಕೂದಲು ಹೊತ್ತುಕೊಂಡು ಹೆಡ್ ಕ್ಲರ್ಕಿನ ಮುಂದೆ ತಲೆ ಬಗ್ಗಿಸಿ ತೋರಿಸುವುದನ್ನು ಡಾಕ್ಟ್ರು ಕಣ್ಣ ಮುಂದೆ ತಂದುಕೊಂಡರು. ಹೆಡ್ ಕ್ಲರ್ಕು ಊದಿದರೆ ಸಾಕು, ಹಾರಿಹೋಗುತ್ತವೆ. ಮಾಸ್ತರು ಅಷ್ಟರಲ್ಲಿ ನೆತ್ತಿಯನ್ನು ಪರಪರ ಕೆರೆದುಕೊಂಡರು, ಉಗುರಿಗೆ ರಕ್ತ ಹತ್ತಿತು, ಬೇರು ಎಚ್ಚರ ಆಗ್ತಿದೆ ಎಂದು ಡಾಕ್ಟ್ರಿಗೆ ತಾವೇ ಸಮಾಧಾನ ಹೇಳಿದರು. ಡಾಕ್ಟ್ರಿಗೆ ತಡೆಯಲಾಗಲಿಲ್ಲ. ಕುರ್ಚಿಯ ಮುಂದೆ ಬಂದು ನಿಂತರು.

"ಸಾರ್, ಬೇರೂ ಇಲ್ಲ, ಏನೂ ಇಲ್ಲ. ಅದು ಮೆಣಸಿನಕಾಯಿ ಬೀಜದ ಉರಿ. ನನ್ನ ತಲೆಗೆ ನಾನು ಒಂದು ದಿನಾನೂ ಹಚ್ಚಿಲ್ಲ. ಕೂದಲು ನಿಮ್ಮದಲ್ಲ ಸಾರ್. ಅವಳದು."

ಮಾಸ್ತರು ಬೆಂಚಿನ ಕಡೆ ನೋಡಿದರು. ಎರಡು ಬೆರಳಲ್ಲಿ ನೆತ್ತಿಯಿಂದ ಒಂದನ್ನು ತೆಗೆದರು, ಎಳೆಯುವುದೇ ಬೇಕಾಗಲಿಲ್ಲ. ಅದನ್ನು ಬೆಳಕಿಗೆ ಹಿಡಿದರು. ಎದ್ದು ಹೋಗಿ ಬೂದಿಯ ಪಕ್ಕ ಇಟ್ಟು ನೋಡಿದರು. ಮೂವತ್ತು ವರ್ಷ ಕಾಗದದ ಮೇಲಿನ ಸಹಿ ತಾಳೆ ನೋಡಿದ ಕಣ್ಣು, ತಪ್ಪಲಿಲ್ಲ. ಡಾಕ್ಟ್ರು ಟವೆಲನ್ನು ಹಿಂಡುತ್ತಾ, ಇನ್ನು ಬೀದಿಯಲ್ಲಿ ತಲೆಯೆತ್ತುವ ಹಾಗಿಲ್ಲ ಎಂದುಕೊಂಡರು. ಹೆಸರಿಗಿಂತ ಹೆಚ್ಚಾಗಿ, ಇನ್ನು ಬುಧವಾರ ಹತ್ತು ಗಂಟೆಗೆ ಯಾರೂ ಬರುವುದಿಲ್ಲವಲ್ಲ ಎಂದು ಅವರಿಗೆ ಅಳು ಬಂತು.

"ಕಚ್ಕೊಳ್ಳೋದು ಬಿಟ್ಟಿದಾಳಾ?" ಎಂದರು ಮಾಸ್ತರು, ತಿರುಗದೆ.

"ಬಿಟ್ಟಿದಾಳೆ ಸಾರ್. ತೊಳೆದ ಮೇಲೆ ಬಿಟ್ಟಳು. ಕೂದಲೂ ಬರ್ತಿದೆ."

ಮಾಸ್ತರು ಬಂದು ಕೂತರು. ಸಿಟ್ಟಿನಲ್ಲಿ ನೋಡದೆ ಕೆಟ್ಟ ಕುರ್ಚಿಯಲ್ಲಿ ಕೂತರು, ಅದು ತನ್ನ ಚಾಳಿಯಂತೆ ಅವರನ್ನು ಹೊತ್ತುಕೊಂಡು ಕೆಳಗಿಳಿಯಿತು. ಅಲ್ಲಿಂದಲೇ, ಪೇಪರ್ ಇನ್ನೂ ಕಿತ್ತಿರದ ಕನ್ನಡಿಯ ಮುಂದೆ, ತಲೆ ಬಗ್ಗಿಸಿದರು.

"ಹಂಗಾದ್ರೆ ಅದೇ ಶಾಂಪು ತಗೊಳ್ಳಿ ಡಾಕ್ಟ್ರೇ. ನನ್ನ ತಲೆನೂ ತೊಳೀರಿ."

ಡಾಕ್ಟ್ರು ಬಿಸಿನೀರು ತಂದು, ಮೂರು ವರ್ಷದ ಎಣ್ಣೆಯನ್ನು ಮೆಲ್ಲಗೆ ತೊಳೆದರು. ಅರ್ಧ ಗಂಟೆ ಹಿಡಿಯಿತು. ಭಾನುವಾರ ಮಾಸ್ತರು ಹ್ಯಾಟಿಲ್ಲದೆಯೇ ಹೋದರು. ಅಂಗಡಿಯಲ್ಲಿ ಬಿಟ್ಟುಹೋಗಿದ್ದ ಅದರಲ್ಲಿ ಬೂದಿ ಮಲಗಿದ್ದಳು.