ಕೈ ಬೇರೆ, ಕಾಲರ್ ಬೇರೆ

ನಮ್ಮ ಹೊಲಿಗೆ ಶೆಡ್ಡಿನಲ್ಲಿ ಅವಳನ್ನು ಎಲ್ಲರೂ ಗೆರೆಯಕ್ಕ ಎನ್ನುತ್ತಿದ್ದರು. ಬಟ್ಟೆಯ ಮೇಲೆ ಅವಳು ಸುಣ್ಣದ ಬಿಲ್ಲೆಯಿಂದ ಎಳೆದ ಗೆರೆಯನ್ನು ಯಾರೂ ತಿದ್ದಿದ್ದನ್ನು ನಾನು ಕಂಡಿಲ್ಲ. ಶೆಡ್ಡು ಕಟ್ಟಿದವನು ಅವಳ ಗಂಡ. ಅವನು ತೀರಿಕೊಂಡ ಮೇಲೆ ಯಜಮಾನಿಕೆ ಮೈದುನನ ಪಾಲಾಯಿತು. ಬಟ್ಟೆ ಕತ್ತರಿಸುವ ಮೇಜು ಮಾತ್ರ ಅವಳಿಗೆ ಉಳಿದಿತ್ತು. ಮೈದುನ ತನ್ನ ಹೆಂಡತಿಯ ತಮ್ಮನನ್ನು ಕರೆತಂದ ದಿನ ಅದೂ ಹೋಯಿತು.

"ಅತ್ತಿಗೆ, ನಿಂತು ನಿಂತು ನಿಮಗೂ ಕಾಲು ನೋವು. ಒಳಗೆ ಕಂಪ್ಯೂಟರ್ ಮುಂದೆ ಆರಾಮಾಗಿ ಕೂತ್ಕೊಳ್ಳಿ."

"ಕಾಲು ನೋವು ಅಂತ ನಾನು ಯಾವಾಗ ಅಂದೆ?"

"ಅನ್ನದಿದ್ರೆ ಗೊತ್ತಾಗಲ್ವಾ?"

ಎಲ್ಲರೆದುರಿಗೇ ಹೇಳಿದ. ಭಾಮೈದ ಆಗಲೇ ಅವಳ ದೊಡ್ಡ ಕತ್ತರಿಯನ್ನು ಎತ್ತಿಕೊಂಡು ಚಕ್ ಚಕ್ ಎನಿಸಿ ನೋಡುತ್ತಿದ್ದ. ಗೆರೆಯಕ್ಕ ಹಲ್ಲು ಕಚ್ಚಿಕೊಂಡು ಒಳಗೆ ನಡೆದಳು. ಆ ಮೇಜನ್ನು ಅವನ ಕೈಯಿಂದಲೇ ವಾಪಸು ಇಸಕೊಳ್ಳುವವರೆಗೆ ತನಗೆ ನೆಮ್ಮದಿಯಿಲ್ಲ ಎಂದು ಅಂದು ಸಂಜೆ ಗುಂಡಿಗೆ ತೂತು ಹೊಲಿಯುವ ನನ್ನ ಕಾಜಾ ಮಷೀನಿನ ಪಕ್ಕ ನಿಂತು ಹೇಳಿದಳು. ದೇವರಿಗೆ ಬಿಡಬಾರದೇ ಎಂದೆ. "ದೇವರಿಗೆ ಬೇರೆ ಕೆಲಸ ಇರುತ್ತೆ," ಎಂದಳು.

ಕಂಪ್ಯೂಟರನ್ನು ಬೇಗ ಕಲಿತಳು. ಅಲ್ಲೂ ಪಟ್ಟಿಯ ಕಾಲಂಗಳನ್ನು ಕತ್ತರಿಸಿ ಬೇರೆ ಮಾಡುವ ಆಜ್ಞೆಗೆ ಕಟ್ ಎಂದೇ ಹೆಸರು ಎಂದು ತಿಳಿದಾಗ ನಕ್ಕಳು. ಟ್ಯಾಬ್ ಕೀಲಿ ಒತ್ತಿ ಬಿಟ್ಟ ಸಂದಿ ಎಲ್ಲೆಲ್ಲಿದೆಯೋ ಅಲ್ಲಲ್ಲಿ ಆ ಕತ್ತರಿ ಹಾಯುತ್ತದಂತೆ. ಬಟ್ಟೆಗೆ ಗೆರೆ ಇದ್ದಂತೆ, ಪಟ್ಟಿಗೆ ಟ್ಯಾಬು.

ಆಗ ಒಂದು ದೊಡ್ಡ ಆಸ್ಪತ್ರೆಯ ಸಿಬ್ಬಂದಿಗೆ ಅಂಗಿ ಹೊಲಿಯುವ ಕೆಲಸ ಬಂತು. ಸಾವಿರಕ್ಕೂ ಮಿಕ್ಕಿ ಜನ. ಸಾಲಿಗೊಬ್ಬರಂತೆ, ಮೊದಲು ಅವರವರ ನಂಬರು, ಆಮೇಲೆ ಎದೆ, ಕೈ, ಕಾಲರ್. ಪರದೆ ಉರುಳಿಸಿದಷ್ಟೂ ಮುಗಿಯದ ಪಟ್ಟಿ.

"ಇಷ್ಟುದ್ದ ಪಟ್ಟಿ ಯಾರು ನೋಡ್ತಾರೆ? ಒಂದೊಂದು ಕಾಲಂ ಒಂದೊಂದು ಫೈಲ್ ಮಾಡಿ," ಎಂದ ಮೈದುನ. "ಕೈ ಮಾಡೋರಿಗೆ ಕೈ, ಕಾಲರ್ ಮಾಡೋರಿಗೆ ಕಾಲರ್."

"ಪ್ರತಿ ಫೈಲಿಗೂ ನಂಬರ್..."

"ಅತ್ತಿಗೆ, ಹೇಳಿದಷ್ಟು ಮಾಡಿ. ಕೈ ಫೈಲಲ್ಲಿ ಕೈ ಮಾತ್ರ ಇರ್ಲಿ. ನಿಮ್ಮ ತಲೆ ಖರ್ಚು ಮಾಡ್ಬೇಡಿ."

ತೆರೆದ ಬಾಯನ್ನು ಅವಳು ಮುಚ್ಚಿಕೊಂಡಳು. ಕಾಲಂ ಬೇರೆಯಾದ ಮೇಲೆ ಇದು ಯಾರ ಕೈ, ಯಾರ ಕಾಲರ್ ಎಂದು ಹೇಳುವುದು ಸಾಲಿನ ಕ್ರಮವೊಂದೇ. ಕ್ರಮ ಕದಲಿದರೆ ಎಲ್ಲ ಕಲಸುಮೇಲೋಗರ. ಕ್ರಮ ಕದಲೇ ಕದಲುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು. ಒಂದೇ ಅಳತೆಯವನ್ನು ಒಟ್ಟಿಗೆ ಪದರ ಹಾಕಿ ಕತ್ತರಿಸಲು ಯಾರಾದರೂ ಅಳತೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿಕೊಳ್ಳುತ್ತಾರೆ. ಅವಳೂ ಹಾಗೇ ಮಾಡುತ್ತಿದ್ದಳು. ಆದರೆ ಪ್ರತಿ ತುಂಡಿನ ಮೇಲೂ ನಂಬರು ಬರೆಯುತ್ತಿದ್ದಳು.

ಹೇಳಿದಂತೆಯೇ ಫೈಲುಗಳನ್ನು ಮಾಡಿಕೊಟ್ಟಳು. ಮೂಲ ಪಟ್ಟಿ ಅವಳ ಬಳಿ ಭದ್ರವಾಗಿತ್ತು. ಕತ್ತರಿಸಿದ ತುಂಡುಗಳನ್ನು ಅಳೆದು ಅದರೊಂದಿಗೆ ತಾಳೆ ಹಾಕಿದರೆ ಬಟ್ಟೆ ಹಾಳಾಗುವುದಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಷ್ಟೇ ಅವಳ ಲೆಕ್ಕ.

ಭಾಮೈದ ಎದೆಯ ತುಂಡುಗಳನ್ನು ಬಂದ ಕ್ರಮದಲ್ಲೇ ಕತ್ತರಿಸಿದ. ಕೈ, ಕಾಲರ್ ವಿಭಾಗದವರು ತಮ್ಮ ತಮ್ಮ ಫೈಲನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿಕೊಂಡು ಕತ್ತರಿಸಿದರು. ಎಲ್ಲ ತುಂಡುಗಳೂ ಕತ್ತರಿಸಿದ ಕ್ರಮದಲ್ಲೇ ಬೇರೆ ಬೇರೆ ಗುಡ್ಡೆಯಾಗಿ ರೆಕ್ಕೆಯಮ್ಮನ ಮುಂದೆ ಬಂದು ಬಿದ್ದವು. ಅಂಗಿಗೆ ಕೈ, ಕಾಲರ್ ಸೇರಿಸುವವಳು ಅವಳೇ. ಇಡೀ ಶೆಡ್ಡಿನಲ್ಲಿ ಅವಳಷ್ಟು ಚುರುಕು ಯಾರೂ ಇಲ್ಲ, ಗೆರೆಯಕ್ಕನಿಗೆ ಅವಳಷ್ಟು ಹತ್ತಿರದವರೂ ಇಲ್ಲ. ಮಷೀನಿನ ಮುಂದೆ ತಲೆ ಬಗ್ಗಿಸಿದರೆ ಅವಳು ಕತ್ತು ಎತ್ತುವವಳಲ್ಲ; ಪ್ರತಿ ಗುಡ್ಡೆಯ ಮೇಲಿನದನ್ನು ಎತ್ತಿ ಒಂದಕ್ಕೊಂದು ಹೊಲಿಯುತ್ತಾ ಹೋದಳು. ಗುಡ್ಡೆ ಬಿದ್ದ ಅಂಗಿಗಳನ್ನು ಮಡಿಸಲು ಹೋದ ಹುಡುಗಿಯರು ಒಂದನ್ನು ಎತ್ತಿ ಹಿಡಿದು ಬಿದ್ದು ಬಿದ್ದು ನಕ್ಕರು.

"ಯಾರಮ್ಮ ಇವನು, ನಿಂತಲ್ಲೇ ಮೊಣಕಾಲು ಕೆರ್ಕೊಳ್ಳೋನು?"

"ಇನ್ನೊಬ್ಬನ್ನ ನೋಡು, ಆನೆ ಮೈಗೆ ಗುಬ್ಬಿ ಕುತ್ತಿಗೆ!"

ಮೈದುನ ಓಡಿಬಂದ. "ಏನು ಮಾಡಿಟ್ರಿ ಅತ್ತಿಗೆ?"

"ಹೇಳಿದಷ್ಟು ಮಾಡಿದೆ. ತಲೆ ಖರ್ಚು ಮಾಡ್ಲಿಲ್ಲ."

"ಸರಿ ಮಾಡೋಕಾಗುತ್ತಾ?"

"ಆಗುತ್ತೆ. ಆ ಮೇಜಿನ ಹತ್ರ ನಿಂತ್ರೆ."

ಶೆಡ್ಡಿನಲ್ಲಿ ಮಷೀನುಗಳೆಲ್ಲ ನಿಂತುಹೋದವು. ಅವನು ಭಾಮೈದನ ಕೈಯಿಂದ ಕತ್ತರಿ ತೆಗೆದುಕೊಂಡು ಮೇಜಿನ ಮೇಲಿಟ್ಟ.

"ಅಲ್ಲಿಡ್ಬೇಡಪ್ಪ, ಕೈಗೆ ಕೊಡು. ಅವತ್ತು ಹೇಳಿದ್ಯಲ್ಲ, ಅಷ್ಟೇ ಗಟ್ಟಿಯಾಗಿ ಹೇಳಿ ಕೊಡು."

"ಅತ್ತಿಗೆ... ಮೇಜು ನಿಮ್ದೇ."

"ಕಾಲು ನೋವು?"

"ನೋವಿಲ್ಲ ನಿಮಗೆ," ಎಂದ ತಲೆ ತಗ್ಗಿಸಿ.

ಅವಳ ಮುಖ ಅಷ್ಟು ಬೆಳಗಿದ್ದನ್ನು ಗಂಡ ಇದ್ದಾಗಲೂ ನಾನು ಕಂಡಿರಲಿಲ್ಲ. ನನಗೂ ಖುಷಿಯಾಯಿತು. ಆಗಬಾರದಿತ್ತೇನೋ, ಆಯಿತು.

ಹೊಲಿದುಬಿಟ್ಟಿದ್ದ ಅಂಗಿಗಳನ್ನು ಮಾತ್ರ ಬಿಚ್ಚಲೇಬೇಕಿತ್ತು. ರೆಕ್ಕೆಯಮ್ಮ ಬ್ಲೇಡು ಹಿಡಿದು ಒಂದೊಂದೇ ಹೊಲಿಗೆ ಕೀಳುತ್ತಿದ್ದಳು. ಗೆರೆಯಕ್ಕ ಎದುರು ಕೂತು ಒಂದು ಅಂಗಿ ಎತ್ತಿಕೊಂಡಳು. ರೆಕ್ಕೆಯಮ್ಮ ಅದನ್ನು ಕಿತ್ತುಕೊಂಡಳು.

"ಬಿಡು. ನಿನ್ನ ಮೈದುನನ ಸೊಕ್ಕು ಇಳಿಸೋಕೆ ನನ್ನ ಬೆರಳೇ ಬೇಕಿತ್ತಾ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ."

"ಅಷ್ಟೊಂದು ಹೊಲಿದುಬಿಡ್ತೀಯ ಅಂತ ಅಂದ್ಕೊಳ್ಳಲಿಲ್ಲ ಕಣೆ."

"ನಾನು ಬೇಗ ಹೊಲಿಯೋದು ನಿನಗೆ ಗೊತ್ತಿರ್ಲಿಲ್ವಾ? ಇಷ್ಟು ವರ್ಷ ಪಕ್ಕದಲ್ಲೇ ಇದ್ದು?"

ಗೆರೆಯಕ್ಕ ಎದ್ದು ತನ್ನ ಮೇಜಿಗೆ ಹೋದಳು. ಮರುದಿನ ರೆಕ್ಕೆಯಮ್ಮ ಮಷೀನನ್ನು ತಿರುಗಿಸಿಕೊಂಡು, ಮೇಜಿಗೆ ಬೆನ್ನು ಹಾಕಿ ಕೂತಳು. ಈಗಲೂ ಹಾಗೇ ಕೂರುತ್ತಾಳೆ.

ಇಬ್ಬರಿಗಾಗಿಯೂ ನಾನು ದಿನಾ ಬೇಡಿಕೊಳ್ಳುತ್ತೇನೆ. ಒಮ್ಮೆ ಗೆರೆಯಕ್ಕನನ್ನು ಕೇಳಿದೆ, ಮತ್ತೆ ಅಂಥದೇ ಸಂದರ್ಭ ಬಂದರೆ ಹಾಗೇ ಮಾಡುತ್ತೀಯಾ ಎಂದು. ಅವಳು ರೆಕ್ಕೆಯಮ್ಮನ ಬೆನ್ನಿನ ಕಡೆ ನೋಡಿದಳು.

"ಮಾಡ್ತೀನಿ," ಎಂದಳು. "ಅವಳಿಗೆ ಮಾತ್ರ ಮೊದಲೇ ಹೇಳಿ ಮಾಡ್ತೀನಿ."