ಮಾವನ ಕಣ್ಣಿಗೆ ಕಂಡ ಬೂದು

ನನಗೆ ಬಣ್ಣದ ಕೆಲಸ ಕಲಿಸಿದವರು ನನ್ನ ಸೋದರಮಾವ. ಆಮೇಲೆ ತಮ್ಮ ಮಗಳನ್ನೂ ನನಗೇ ಕೊಟ್ಟರು; ನಾವೆಲ್ಲ ಒಂದೇ ಮನೆಯಲ್ಲಿದ್ದೆವು. ಹಾಸನದಲ್ಲಿ ಆಗ ಸುಣ್ಣ ಬಳಿಯುವವರು ಬೇಕಾದಷ್ಟು ಜನ ಇದ್ದರು, ಪುಡಿ ಕಲಸಿ ಬಳಿಯುವ ಡಿಸ್ಟೆಂಪರ್ ಬಣ್ಣದ ಕೆಲಸ ಗೊತ್ತಿದ್ದವರು ಮೂವರೋ ನಾಲ್ವರೋ. ಅವರಲ್ಲಿ ಮಾವನದೇ ಮೇಲುಗೈ. ಒಂದು ಕಂಪನಿಯ ಡಬ್ಬ ಮುಗಿದು ಇನ್ನೊಂದು ಕಂಪನಿಯದು ತಂದರೆ, ಎರಡರ ಮೇಲೂ ತಿಳಿ ಬೂದು ಎಂದೇ ಬರೆದಿದ್ದರೂ ಗೋಡೆಗೆ ಹೋದಮೇಲೆ ಒಂದು ನೀಲಿಗೆ ತಿರುಗುತ್ತದೆ, ಇನ್ನೊಂದು ಹಳದಿಗೆ. ಅದನ್ನು ಕೂಡಿಸುವುದೇ ಮಾವನ ವಿದ್ಯೆ. ಕಲಸಿದ ಬಣ್ಣವನ್ನು ಹೆಬ್ಬೆರಳಿನ ಉಗುರಿಗೆ ಸವರಿ, ಬಿಸಿಲಲ್ಲಿ ಒಣಗಿಸಿ, ಗೋಡೆಗೆ ತಾಗಿಸಿ ನೋಡುತ್ತಿದ್ದರು. ಉಗುರು ಎಲ್ಲಿ, ಗೋಡೆ ಎಲ್ಲಿ ಎಂದು ಗೊತ್ತಾಗದಂತೆ ಆಗುವ ತನಕ ಬಿಡುತ್ತಿರಲಿಲ್ಲ.

ನನ್ನ ಬಗ್ಗೆ ಮಾತ್ರ ಅವರದು ಒಂದೇ ಮಾತು. ಮನೆಯ ಯಜಮಾನರು ಪಕ್ಕದಲ್ಲಿದ್ದಾಗಲೇ ಹೇಳುವರು: "ಇವ್ನಿಗೆ ತೋಳಿನ ಬಲ ಅದೆ ಸ್ವಾಮಿ, ಕಣ್ಣಿಲ್ಲ. ಬ್ರಶ್ ಎಳೀತಾನೆ, ಅಷ್ಟೆಯ."

ನನಗೆ ಆಗ ಮೂವತ್ತು ವರ್ಷ. ಇಬ್ಬರು ಮಕ್ಕಳ ತಂದೆ. ಕೇಳಿ ಕೇಳಿ ಆ ಮಾತು ಒಳಗೆ ಗಂಟಾಗಿ ಕೂತಿತ್ತು.

ಮಾವನ ಕಣ್ಣು ಕೆಡುತ್ತಿರುವುದು ನನಗೆ ಗೊತ್ತಾದದ್ದು ಅರಕಲಗೂಡಿನಲ್ಲಿ, ಒಬ್ಬ ಹೊಗೆಸೊಪ್ಪಿನ ವ್ಯಾಪಾರಿಯ ಮನೆಯಲ್ಲಿ. ಎರಡನೇ ಡಬ್ಬ ಬೇರೆ ಕಂಪನಿಯದು. ಮಾವ ಉಗುರಿಗೆ ಸವರಿ ನೋಡಿ, "ಸರ್ಯಾಗದೆ, ಬಳಿ" ಅಂದರು. ಬಕೆಟ್ಟಿನಲ್ಲಿದ್ದದ್ದು ಎದ್ದು ಕಾಣುವ ನೀಲಿ. ಅವರು ಊಟಕ್ಕೆ ಕೂತಾಗ ನಾನು ಒಂದು ಚಿಟಿಕೆ ಹಳದಿ ಮಣ್ಣು ಹಾಕಿ ಕಲಸಿದೆ. ಗೋಡೆ ಕೂಡಿಕೊಂಡಿತು. ವ್ಯಾಪಾರಿ ಮಾವನ ಕೈ ಹಿಡಿದು, "ನಿಮ್ ಕಣ್ಣು ಅದ್ದಿನ ಕಣ್ಣು ಮೇಸ್ತ್ರಿ" ಅಂದ. ಮಾವ ನಕ್ಕು ನನ್ನ ಕಡೆ ನೋಡಿ, "ನೋಡ್ಕಳ್ಲಾ, ಕಲ್ತ್ಕ" ಅಂದರು.

ಆಮೇಲೆ ಒಂದು ವರ್ಷ ಹೀಗೇ ನಡೆಯಿತು. ಅವರು ಕಲಸುವರು, ನಾನು ಕದ್ದು ಸರಿಮಾಡುವೆ. ಇದನ್ನು ಪ್ರೀತಿಯಿಂದ ಮಾಡಿದೆ ಎಂದು ಹೇಳಿಕೊಳ್ಳಲಾರೆ. ಅವರ ಕಣ್ಣಿನ ವಿಷಯ ನನ್ನ ಕೈಯಲ್ಲಿದೆ ಎಂಬುದೇ ನನಗೆ ಒಂದು ಸುಖವಾಗಿತ್ತು.

ಚನ್ನರಾಯಪಟ್ಟಣದ ಒಬ್ಬ ವಕೀಲರು ಹೊಸ ಮನೆ ಕಟ್ಟಿಸಿದ್ದರು. ಮೈಸೂರಿನ ಯಾವುದೋ ಬಂಗಲೆಯಲ್ಲಿ ನೋಡಿ ಬಂದು, ತಮ್ಮ ಹಜಾರಕ್ಕೂ ತಿಳಿ ಬೂದು ಬಣ್ಣವೇ ಬೇಕೆಂದರು. ಮೂರು ಗೋಡೆ ಮುಗಿಯುವಷ್ಟರಲ್ಲಿ ಡಬ್ಬ ಬರಿದಾಯಿತು. ಹಾಸನದ ಅಂಗಡಿಯಲ್ಲಿ ಆ ಕಂಪನಿಯ ಮಾಲು ಇರಲಿಲ್ಲ, ಬರುವುದು ಇನ್ನೊಂದು ತಿಂಗಳಂತೆ. ವಕೀಲರ ಮಗಳ ನಿಶ್ಚಿತಾರ್ಥಕ್ಕೆ ಉಳಿದದ್ದು ನಾಲ್ಕು ದಿನ. ಬೇರೆ ಕಂಪನಿಯ ಡಬ್ಬ ತಂದೆವು.

ಮಾವ ಬಿಸಿನೀರಲ್ಲಿ ಪುಡಿ ಕಲಸಿ, ಉಗುರಿಗೆ ಸವರಿ, ಅಂಗಳಕ್ಕೆ ಹೋಗಿ ಒಣಗಿಸಿ ಬಂದು ಗೋಡೆಗೆ ಹಿಡಿದರು. "ಎಲ್ಡೂ ಒಂದೆಯ. ಏನೂ ಬ್ಯಾಡ" ಅಂದರು. ಉಗುರು ಗೋಡೆಯ ಮೇಲೆ ಪಾರಿವಾಳದ ಕತ್ತಿನ ಹಾಗೆ ನೀಲಿಯಾಗಿ ಕಾಣುತ್ತಿತ್ತು. ಹಳದಿ ಮಣ್ಣಿನ ಪೊಟ್ಟಣ ನನ್ನ ಚೀಲದಲ್ಲೇ ಇತ್ತು. ಮಾವ ಬೀಡಿ ಸೇದಲು ಹೊರಗೆ ಹೋದರು. ನಾನು ಪೊಟ್ಟಣ ತೆಗೆಯಲಿಲ್ಲ. ಅವರು ಕಲಸಿದ್ದನ್ನು ಹಾಗೇ ಬಳಿದೆ, ಮೂಲೆಯಿಂದ ಮೂಲೆಗೆ, ಒಂದು ಗೆರೆಯೂ ಕಾಣದಂತೆ.

ಮಾರನೆಯ ದಿನ ನಾವು ಹೋಗುವಷ್ಟರಲ್ಲಿ ನಾಲ್ಕನೆಯ ಗೋಡೆ ಒಣಗಿ ನೀಲಿಯಾಗಿ ಎದ್ದು ಕಾಣುತ್ತಿತ್ತು. ವಕೀಲರು ಬೈಯಲಿಲ್ಲ. ಜಗಲಿಯ ಮೇಲೆ ಕಕ್ಷಿದಾರರು ಏಳೆಂಟು ಜನ ಕೂತಿದ್ದರು. ವಕೀಲರು ಕಂಪನಿಯ ಬಣ್ಣದ ಕಾರ್ಡನ್ನು ಕತ್ತರಿಯಿಂದ ಚೂರು ಚೂರು ಮಾಡಿ ಮೇಜಿನ ಮೇಲೆ ಹರಡಿಕೊಂಡಿದ್ದರು.

"ಬಾಯ್ಯಾ ಮೇಸ್ತ್ರಿ. ಒಳಗಡೆ ಮೊದಲು ಬಳಿದೆಯಲ್ಲ, ಆ ಬಣ್ಣ ಇದರಲ್ಲಿ ಯಾವುದು? ಎತ್ತಿಕೊಡು" ಅಂದರು.

ಮಾವ ಒಂದು ಚೂರು ಎತ್ತಿದರು. ಅದು ನೀಲಿ ಕಡೆಯದು.

"ಖಂಡಿತವೋ?"

"ಖಂಡಿತ ಸ್ವಾಮಿ."

"ಇನ್ನೊಂದು ಸಲ ನೋಡು. ಅವಸರ ಇಲ್ಲ."

ಮಾವ ಚೂರುಗಳನ್ನು ಒಂದೊಂದಾಗಿ ಕಣ್ಣಿನ ಹತ್ತಿರ ತಂದು ನೋಡಿದರು. ಈ ಸಲ ಎತ್ತಿದ್ದು ತಿಳಿ ಹಸಿರು. ಕಕ್ಷಿದಾರರಲ್ಲಿ ಒಬ್ಬ ಕಿಸಕ್ಕೆಂದ. ಮಿಕ್ಕವರೂ ನಕ್ಕರು. ವಕೀಲರು ನಗಲಿಲ್ಲ. ಕೋರ್ಟಿನಲ್ಲಿ ಕೇಳುವ ಹಾಗೆ ನಿಧಾನವಾಗಿ ಕೇಳಿದರು: "ಹಸಿರಿಗೂ ಬೂದು ಬಣ್ಣಕ್ಕೂ ವ್ಯತ್ಯಾಸ ಕಾಣದವನು ನನ್ನ ಮನೆಗೆ ಬಣ್ಣ ಬಳಿಯೋಕೆ ಬಂದೆ. ಅಲ್ಲವೋ?"

ಮಾವ ಕೈಯಲ್ಲಿದ್ದ ಚೂರನ್ನು ಮೇಜಿನ ಮೇಲಿಟ್ಟರು. ವಕೀಲರು ನನ್ನ ಕಡೆ ತಿರುಗಿದರು. "ನೀನು ಎತ್ತು ನೋಡೋಣ."

ಮಾವ ನನ್ನನ್ನು ನೋಡಿದರು. ಸುಮ್ಮನಿರು ಎಂದೋ, ಕಾಪಾಡು ಎಂದೋ, ಇವತ್ತಿಗೂ ನನಗೆ ತಿಳಿದಿಲ್ಲ. ನಾನು ಮೇಜಿನ ಹತ್ತಿರ ಹೋಗಿ ಸರಿಯಾದ ಚೂರನ್ನೇ ಎತ್ತಿಕೊಟ್ಟೆ.

"ಭೇಷ್. ಹಾಗಾದರೆ ನಿನ್ನೆ ಯಾಕೆ ಬಾಯಿ ಬಿಡಲಿಲ್ಲ?"

ಅವರು ಹೇಳಿದ ಹಾಗೆ ಬಳಿದೆ ಎಂದಿದ್ದರೆ ಸಾಕಾಗಿತ್ತು. ನಾನು ಹೇಳಿದ್ದು ಬೇರೆ. "ಅವ್ರ ಕಣ್ಣು ಓಗಿ ಒಂದೊರ್ಸ ಆಯ್ತು ಸಾ. ಇಷ್ಟ್ ದಿನ ನಾನೇ ಕದ್ದು ಸರಿ ಮಾಡ್ತಿದ್ದೆ. ನಿನ್ನೆ ಮಾಡ್ನಿಲ್ಲ."

ಜಗಲಿಯ ಮೇಲೆ ಯಾರೂ ನಗಲಿಲ್ಲ. ಮಾವ ಮೇಜಿನ ಅಂಚು ಹಿಡಿದುಕೊಂಡರು. ವಕೀಲರು ಮಾತ್ರ ಖುಷಿಯಾಗಿದ್ದರು. ನಾನು ಹೊಸದಾಗಿ ಬಣ್ಣ ಕಲಸುವುದನ್ನು ಮಾವ ನಿಂತು ನೋಡಬೇಕೆಂದು ಅಪ್ಪಣೆ ಮಾಡಿದರು. ನಾನು ಹಳದಿ ಮಣ್ಣು ಒಂದು ಚಿಟಿಕೆ, ಕರಿ ಒಂದು ತೊಟ್ಟು ಹಾಕಿ, ರಟ್ಟಿನ ತುಂಡುಗಳಿಗೆ ಬಳಿದು ಒಣಗಿಸಿ, ಐದನೆಯ ಸಲಕ್ಕೆ ಕೂಡಿಸಿದೆ. ಮಧ್ಯಾಹ್ನದ ತನಕ ಮಾವ ನಿಂತೇ ಇದ್ದರು. ಕೂತುಕೊಳ್ಳಿ ಎಂದು ನಾನೂ ಹೇಳಲಿಲ್ಲ. ಗೋಡೆ ಸಿದ್ಧವಾದಮೇಲೆ ವಕೀಲರು, "ಇನ್ನು ಮೇಲೆ ನೀನೇ ಮೇಸ್ತ್ರಿ" ಅಂದರು. ಆ ಮಾತು ನನಗೆ ಸಿಹಿಯಾಗಿತ್ತು. ಸುಳ್ಳು ಯಾಕೆ ಹೇಳಲಿ.

ಹಾಸನದ ಬಸ್ಸಿನಲ್ಲಿ ಮಾವ ಆಡಿದ್ದು ಒಂದೇ ಮಾತು. "ಮನೇಲಿ ಏಳ್ಬ್ಯಾಡ ಕಣ್ಲಾ."

ನಾನು ಹೇಳುವ ಅಗತ್ಯವೇ ಬರಲಿಲ್ಲ. ಆ ಕಕ್ಷಿದಾರರಲ್ಲಿ ಒಬ್ಬ ನಮ್ಮ ಬೀದಿಯವನೊಬ್ಬನ ಬೀಗ. ವಾರದೊಳಗೆ ಸುದ್ದಿ ಬಂತು. ನನ್ನ ಹೆಂಡತಿ ಅಳಲಿಲ್ಲ, ಜಗಳವಾಡಲಿಲ್ಲ. ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟು ಕೇಳಿದಳು: "ಒಂದೊರ್ಸದಿಂದ ಗೊತ್ತಿತ್ತಾ ಬಾವ?"

"ಗೊತ್ತಿತ್ತು."

"ನಂಗೊಂದ್ ಮಾತು ಏಳಿದ್ರೆ ಆಸ್ಪತ್ರೆಗಾದ್ರೂ ಕರ್ಕೊಂಡೋಗ್ತಿದ್ನಲ್ಲ."

ಆಸ್ಪತ್ರೆಯ ಯೋಚನೆ ಆ ಒಂದು ವರ್ಷದಲ್ಲಿ ನನಗೆ ಒಮ್ಮೆಯೂ ಬಂದಿರಲಿಲ್ಲ.

ಹಾಸನದ ಬಣ್ಣದ ಅಂಗಡಿಯಲ್ಲಿ ಮಾವ ಕಂಡರೆ ಸಾಕು, ಗುಮಾಸ್ತ ಕೆಂಪು ಡಬ್ಬ ಎತ್ತಿ ತೋರಿಸುವನು. "ಮೇಸ್ತ್ರಿ, ಇದ್ಯಾವ ಬಣ್ಣ ಏಳಿ ನೋಡವ." ಒಂದೆರಡು ಸಲ ನಾನು ಅಲ್ಲೇ ನಿಂತಿದ್ದೆ. ಮಾವ ಅಂಗಡಿಗೆ ಹೋಗುವುದನ್ನು ಬಿಟ್ಟರು. ಸುಣ್ಣದ ಕೆಲಸಕ್ಕೆ ಇಳಿದರು. ದೊಡ್ಡಗದ್ದವಳ್ಳಿಯ ಕಡೆ ರೈತರ ಮನೆಗಳಿಗೆ, ಕೊಟ್ಟಿಗೆಗಳಿಗೆ ಸುಣ್ಣ ಬಳಿದು ಬರುತ್ತಿದ್ದರು. ಸುಣ್ಣ ಸಿಡಿದು ಕಣ್ಣು ಇನ್ನಷ್ಟು ಕೆಂಪಾಗುತ್ತಿತ್ತು. ನನಗೆ ಕೆಲಸದ ಮೇಲೆ ಕೆಲಸ ಬಂತು.

ನಾಲ್ಕು ವರ್ಷ ಕಳೆದಮೇಲೆ ನನ್ನ ಹೆಂಡತಿ ತಾನೇ ಅವರನ್ನು ಮೈಸೂರಿಗೆ ಕರೆದುಕೊಂಡು ಹೋಗಿ ಕಣ್ಣಿನ ಪೊರೆ ತೆಗೆಸಿದಳು. ಸೋಡಾಬುಡ್ಡಿ ಕನ್ನಡಕ ಬಂತು. ಮಾವ ಮಗುವಿನ ಹಾಗೆ ಮನೆಯೊಳಗೆಲ್ಲ ಓಡಾಡಿ, ಮಗಳ ಸೀರೆ ಹಿಡಿದು, "ಇದು ಇಷ್ಟ್ ನೀಲಿನೇನವ್ವ?" ಅಂದರು.

ಆಗ ನಾನು ಹೊಳೆನರಸೀಪುರದಲ್ಲಿ ಒಬ್ಬ ಜವಳಿ ಸಾಹುಕಾರರ ಮನೆಯ ಕೆಲಸ ಹಿಡಿದಿದ್ದೆ. ಅಲ್ಲೂ ಬಣ್ಣ ಮುಗಿದು ಬೇರೆ ಕಂಪನಿಯ ಬೂದು ಕೂಡಿಸುತ್ತಿದ್ದೆ. ಒಂದು ದಿನ ಮಧ್ಯಾಹ್ನ ಮಾವ ಕ್ಯಾರಿಯರ್ ಹಿಡಿದು ಬಸ್ಸಿಳಿದು ಬಂದರು. ಊಟ ತರುವುದು ಒಂದು ನೆವ. ಅವರಿಗೆ ಗೋಡೆ ನೋಡಬೇಕಾಗಿತ್ತು. ಒಳಗೆ ಬಂದು, ಕನ್ನಡಕ ಒರೆಸಿ ಹಾಕಿಕೊಂಡು, ನಾನು ಬಳಿದಿದ್ದ ಕಡೆ ಬಹಳ ಹೊತ್ತು ನೋಡಿದರು. ಸಾಹುಕಾರರು ಪಕ್ಕದಲ್ಲೇ ಇದ್ದರು.

"ಅಳದಿ ಒಸಿ ಜಾಸ್ತಿ ಬಿದ್ದದೆ ಕಣ್ಲಾ. ಒಣಗಿದ್ಮ್ಯಾಕೆ ಎದ್ ಕಾಣ್ತದೆ. ಒಂದ್ ತೊಟ್ಟು ನೀಲಿ ಬುಡು" ಅಂದರು. ದನಿಯಲ್ಲಿ ಗೆದ್ದೆ ಎಂಬ ಭಾವ ಇರಲಿಲ್ಲ. ಮೊದಲು ಕಲಿಸುತ್ತಿದ್ದಾಗ ಹೇಗೆ ಹೇಳುತ್ತಿದ್ದರೋ ಹಾಗೇ ಹೇಳಿದರು.

ಸಾಹುಕಾರರು ಗೋಡೆ ನೋಡಿ, ನನ್ನನ್ನು ನೋಡಿ, "ಹೌದೇನಪ್ಪ?" ಅಂದರು.

ಮಾವ ಹೇಳಿದ್ದು ಸರಿಯಾಗಿತ್ತು. ಅವರು ಬಾಯಿ ಬಿಟ್ಟೊಡನೆ ನನಗೂ ಕಂಡಿತು.

"ಅವ್ರಿಗೆ ಕಣ್ ಕಾಣಕ್ಕಿಲ್ಲ ಸಾ" ಅಂದೆ. "ಬಣ್ಣ ಗೊತ್ತಾಗಲ್ಲ. ಚನ್ನರಾಯಪಟ್ಟಣದಲ್ಲಿ ಯಾರ್ನ ಬೇಕಾದ್ರೂ ಕೇಳಿ."

ಸಾಹುಕಾರರು ತಲೆಯಾಡಿಸಿ ಒಳಗೆ ಹೋದರು. ಮಾವ ಹೊರಗೆ ಹೋಗಿ ಜಗಲಿಯ ಮೇಲೆ ಕೂತರು. ನಾನು ಬರುವ ತನಕ ಕಾದಿದ್ದು, ಕ್ಯಾರಿಯರ್ ಬಿಚ್ಚಿ ಮುದ್ದೆ, ಸಾರು ನನ್ನ ಮುಂದಿಟ್ಟರು. ತಾವು ತಿನ್ನಲಿಲ್ಲ. ನಾನು ಉಂಡಮೇಲೆ ತೊಟ್ಟಿಯಲ್ಲಿ ಕ್ಯಾರಿಯರ್ ತೊಳೆದುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದರು.

ಗೋಡೆಯನ್ನು ನಾನು ಸರಿಮಾಡಲಿಲ್ಲ. ಮಾಡಿದ್ದರೆ ಅವರು ಹೇಳಿದ್ದೇ ನಿಜವಾಗುತ್ತಿತ್ತು. ಒಣಗಿದಮೇಲೆ ಹಳದಿ ಎದ್ದು ಕಂಡಿತು. ಸಾಹುಕಾರರು ಆ ಗೋಡೆಗೆ ಕ್ಯಾಲೆಂಡರುಗಳನ್ನು ತೂಗುಹಾಕಿಸಿದರು.

ಮನೆಗೆ ಬಂದಾಗ ಹೆಂಡತಿ ಕೈಕಾಲಿಗೆ ನೀರು ಕೊಡುತ್ತಾ ಕೇಳಿದಳು: "ಅಪ್ಪ ಗೋಡೆ ನೋಡಿದ್ರಾ? ಏನಂದ್ರು?"

ಮಾವ ನಡುಮನೆಯಲ್ಲೇ ಇದ್ದರು. ನಮ್ಮ ಮಾತು ಅವರಿಗೆ ಕೇಳಿಸುತ್ತಿತ್ತು.

"ಚೆನ್ನಾಗದೆ ಅಂದ್ರು" ಅಂದೆ.

ನಡುಮನೆಯಲ್ಲಿ ಮಾವ ಕನ್ನಡಕ ತೆಗೆದು ಗೂಡಿನಲ್ಲಿಟ್ಟರು.