ಎರಡು ಡಬ್ಬಿ ಹಿಂಡಿ

ಸಿಂದಗಿ ಬಜಾರಿಗೆ ಹೋಗುವ ನಮ್ಮ ಹೊಲದ ಕೊತ್ತಂಬರಿ, ಕರಿಬೇವಿನ ಸಿವುಡು ನೋಡಲು ಚೆಂದ. ಅದನ್ನು ಚೆಂದ ಮಾಡಲು ಎಷ್ಟು ಕಿತ್ತೆಸೆಯುತ್ತೇವೆಂಬುದು ಕೊಳ್ಳುವವರಿಗೆ ಕಾಣುವುದಿಲ್ಲ. ಬೇರು, ಬಲಿತ ದಂಟು, ಉದುರಿದ ಕರಿಬೇವು, ಎಲ್ಲ ತಿಪ್ಪೆಗೆ. ಮದುವೆಯಾಗಿ ಬಂದಾಗಿನಿಂದ ಹದಿನಾಲ್ಕು ವರ್ಷ ನಾನೂ ಬುಟ್ಟಿ ಹೊತ್ತು ಆ ತಿಪ್ಪೆ ತುಂಬಿದೆ. ಹೋದ ವರ್ಷ ಸಾಕೆನಿಸಿತು.

ಎಳೆಯ ದಂಟನ್ನೂ ಕರಿಬೇವನ್ನೂ ತೊಳೆದು, ನೆರಳಲ್ಲಿ ಒಣಗಿಸಿ, ಶೇಂಗಾ, ಬಳ್ಳೊಳ್ಳಿ, ಖಾರ ಹಾಕಿ ಕುಟ್ಟಿ ರೊಟ್ಟಿಗೆ ಹಿಂಡಿ ಮಾಡಿದೆ. ಬಲಿತದ್ದನ್ನೂ ಬೇರನ್ನೂ ಬೇರೆ ಬೀಸಿಸಿ, ತೌಡು, ಗಾಣದ ಶೇಂಗಾ ಹಿಂಡಿ, ಉಪ್ಪು ಬೆರೆಸಿ ಎಮ್ಮೆಗೆಂದು ಇಟ್ಟೆ. ಗಿರಣಿಯವನು ಬೈದುಕೊಂಡೇ ಬೀಸಿಕೊಟ್ಟ.

ಅತ್ತೆ ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ನೋಡಿದರು. “ತಿಪ್ಪಿಗಿ ಹೋಗೂದನ್ನ ತಾಟಿಗಿ ಹಾಕ್ತಿ ಏನ ಯವ್ವಾ?” ಎಂದರು. ಊರಲ್ಲಿ ಹಿಂಡಿ ಎಂದರೆ ಅತ್ತೆಯ ಕೈಯದೇ. ಬೀಗರು ಖಾಲಿ ಡಬ್ಬಿ ಹಿಡಿದೇ ಬರುತ್ತಿದ್ದರು. ನನ್ನ ಅಡುಗೆಗೆ ಅವರು ಈವರೆಗೆ ಕೊಟ್ಟ ಅತಿ ದೊಡ್ಡ ಬಿರುದು “ನಡೀತೈತಿ”. ಈ ಹಿಂಡಿಗಾದರೂ ಅವರ ಬಾಯಿಂದ “ಚೊಲೊ ಆಗೇತಿ” ಎನ್ನಿಸಬೇಕೆಂಬ ಹಟ ಹಿಡಿದೆ. ಹಟ ಏನು ಬಂತು, ಆಸೆ.

ನಮ್ಮ ಕಡೆ ರೊಟ್ಟಿಯ ಜೊತೆ ತಿನ್ನುವ ಚಟ್ನಿಪುಡಿಯೂ ಹಿಂಡಿ, ದನ ತಿನ್ನುವುದೂ ಹಿಂಡಿ. ಒಂದು ಅಡುಗೆಮನೆಯಲ್ಲಿ, ಇನ್ನೊಂದು ಕೊಟ್ಟಿಗೆಯಲ್ಲಿ ಇರುವುದರಿಂದ ಯಾರಿಗೂ ತೊಂದರೆಯಾದದ್ದಿಲ್ಲ. ನಾನು ಎರಡನ್ನೂ ಒಂದೇ ತರಹದ ಡಬ್ಬಿಗೆ ತುಂಬಿ, ಹೆಸರು ಬರೆಯಿರೆಂದು ಯಜಮಾನರಿಗೆ ಹೇಳಿ ತಂಗಡಗಿಯ ತವರಿಗೆ ಹೋದೆ. ಅವರು ದಪ್ಪ ಅಕ್ಷರದಲ್ಲಿ ಎರಡರ ಮೇಲೂ “ಹಿಂಡಿ” ಎಂದು ಬರೆದರು. ತಪ್ಪೇನೂ ಬರೆದಿರಲಿಲ್ಲ.

ಮೂರನೆಯ ದಿನ ಅವರ ಫೋನು ಬಂತು. “ಅವ್ವ ನಿನ್ನ ಹಿಂಡಿಗಿ ಎಣ್ಣಿ ಹಾಕ್ಕೊಂಡು ಎರಡ್ ರೊಟ್ಟಿ ಜಾಸ್ತಿ ತಿಂದಾಳ. ಖಾರ ಇಲ್ಲದ್ದು ವಯಸ್ಸಾದವ್ರಿಗಿ ಹದಾ ಆಗೇತಿ ಅಂತಾಳ.” ಖಾರ ಇಲ್ಲದ್ದು ಎಂಬ ಮಾತು ಆಗಲೇ ಕಿವಿಗೆ ಬೀಳಬೇಕಿತ್ತು. ಹಿಗ್ಗಿನಲ್ಲಿ ಬೀಳಲಿಲ್ಲ.

ಊರಿಗೆ ಬಂದಾಗ ಎಮ್ಮೆ ಸೀನುತ್ತಿತ್ತು. “ನೆಗಡಿ ಆಗೇತಿ,” ಎಂದರು ಯಜಮಾನರು. ಅದು ಮೇಯುವ ಬಾನಿಗೆ ಬಗ್ಗಿ ನೋಡಿದೆ. ಬಳ್ಳೊಳ್ಳಿ ವಾಸನೆ ಗಮ್ಮೆಂದಿತು.

ಒಳಗೆ ಅತ್ತೆ ಊಟಕ್ಕೆ ಕುಳಿತಿದ್ದರು. “ಬಾ ಯವ್ವಾ. ಹಿಂಡಿ ಚೊಲೊ ಆಗೇತಿ,” ಎಂದರು. ಖರೆ ಹೇಳುತ್ತೇನೆ, ಸುಮ್ಮನಿದ್ದುಬಿಡಬೇಕೆಂದೇ ಇದ್ದೆ. ಅಷ್ಟರಲ್ಲಿ ಅವರು, “ಇಂಡಿ ಊರಾಗಿನ ಮಗಳಿಗೂ ಒಂದ್ ಡಬ್ಬಿ ಕಳಸೂಣು,” ಎಂದರು. ನಾದಿನಿಗೆ ಎಮ್ಮೆಯ ಹಿಂಡಿ ತಿನ್ನಿಸುವಷ್ಟು ಸಿಟ್ಟು ನನಗೆ ಅವಳ ಮೇಲೆ ಇರಲಿಲ್ಲ. ಸ್ವಲ್ಪ ಇತ್ತು, ಅಷ್ಟು ಇರಲಿಲ್ಲ.

“ಅತ್ತೀ, ಅದು ಎಮ್ಮಿದು ಐತ್ರಿ.”

ಅವರ ಬಾಯಿ ಆಡುವುದು ನಿಂತಿತು. ಆಮೇಲೆ ನುಂಗಿದರು. ನೀರು ಕುಡಿದರು. ಯಜಮಾನರಿಗೆ ಹೊರಗೆ ಏನೋ ಕೆಲಸ ನೆನಪಾಗಿ ಎದ್ದು ಹೋದರು.

“ಮತ್ತ ನಮ್ದು ಎಲ್ಲೈತಿ?”

“ಬಾನ್ಯಾಗ್ರಿ. ಡಬ್ಬಿ ತಳಕ್ಕ ಒಂಚೂರು ಉಳದೈತಿ.”

“ತಾ.”

ತಂದುಕೊಟ್ಟೆ. ಚಿಟಿಕೆ ತೆಗೆದು ನಾಲಿಗೆಗಿಟ್ಟುಕೊಂಡರು. ಕಣ್ಣು ಮುಚ್ಚಿದರು. ಇನ್ನೊಂದು ಚಿಟಿಕೆ ತೆಗೆದರು. ಆಮೇಲೆ ಬಾಗಿಲ ಕಡೆ ತಿರುಗಿ, ಓಣಿಗೆಲ್ಲ ಕೇಳುವಂತೆ ಕೂಗಿದರು:

“ಇದನ್ನ ಒಯ್ದು ಎಮ್ಮಿಗಿ ಹಾಕೀಯಲ್ಲೋ, ಹುಚ್ಚ ಖೋಡಿ!”

ನನ್ನ ಸಲುವಾಗಿ ಅವರು ಮಗನನ್ನು ಬೈದದ್ದು ಅದೇ ಮೊದಲು. ಬಹಳ ಹೊತ್ತು ಬೈದರು. ನಾನು ಅಲ್ಲೇ ನಿಂತು ಪೂರ್ತಿ ಕೇಳಿದೆ.